ದೋಣಿಗೆ ಖಂಡೇಪೂಜೆ

"ಈ ದಸರಾದೊಳಗ ಒಂದು ಬಾಸ್ ಮೀನು ಹಿಡದು ತೋರಿಸ್ಲಿಲ್ಲಂದ್ರ ನನ್ನ ಹೆಸರು ದಾನಪ್ಪ ಅಲ್ಲ" ಎಂದು ರೊಟ್ಟಿ ತಾಟಿನ ಮುಂದೆ ಕುಳಿತು ದಾನಪ್ಪ ಪ್ರತಿಜ್ಞೆ ಮಾಡಿದ.

"ಹೆಸರು ಇರಲಿ ಬಿಡ್ರಿ. ಪಾಸ್‌ಪೋರ್ಟಿನಾಗ ಬದಲ ಮಾಡಸೋದು ದೊಡ್ಡ ತ್ರಾಸ" ಎಂದಳು ಹೆಂಡತಿ ವಿಜಯಶ್ರೀ. "ದೋಣಿ ಬಿಡ್ತೀರೋ ಇಲ್ಲೋ, ಅದನ್ನ ಹೇಳ್ರಿ."

ಪಲ್ಯ ಬಾಯಲ್ಲಿದ್ದಾಗ ಮನುಷ್ಯನಿಗೆ ಧೈರ್ಯ ಹೆಚ್ಚು. "ಬಿಡ್ತೀನಿ. ಮೀನು ಸಿಗಲಿಲ್ಲಂದ್ರ ತ್ಯಾಗರಾಜಗ ಕೊಟ್ಟುಬಿಡ್ತೀನಿ" ಎಂದುಬಿಟ್ಟ. ಎಂದ ಮೇಲೆ ಪಲ್ಯ ಗಂಟಲಲ್ಲಿ ಸಿಕ್ಕಿಕೊಂಡಿತು.

ಅಮೆರಿಕದ ಸುವಾನಿ ಊರಿನ ಆ ಮನೆಗೆ ಎರಡು ಕಾರು ನಿಲ್ಲುವಷ್ಟು ಗರಾಜು. ಒಂದು ಕಡೆ ದಾನಪ್ಪನ ವ್ಯಾನು. ಇನ್ನೊಂದು ಕಡೆ, ವಿಜಯಶ್ರೀಯ ಕಾರು ನಿಲ್ಲಬೇಕಾದ ಜಾಗದಲ್ಲಿ, ಕಯಾಕ್ ಎಂಬ ಹನ್ನೆರಡಡಿ ಉದ್ದದ ಒಂಟಿ ಸವಾರಿಯ ಪ್ಲಾಸ್ಟಿಕ್ ದೋಣಿ ಬಾಣಂತಿಯ ಹಾಗೆ ಬೆಚ್ಚಗೆ ಮಲಗಿತ್ತು. ಹೊರಗೆ ಇಟ್ಟರೆ ಕಾಲೊನಿಯ ಅಸೋಸಿಯೇಷನ್ನಿನವರು ದಂಡದ ಕಾಗದ ಕಳಿಸುತ್ತಾರೆ. ವಿಜಯಶ್ರೀಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಬೆಳಿಗ್ಗೆ ಆರಕ್ಕೆ ಮನೆ ಬಿಡಬೇಕು. ಹೋದ ಚಳಿಗಾಲವೆಲ್ಲ ಅವಳು ಬಯಲಲ್ಲಿ ನಿಂತ ಕಾರಿನ ಗಾಜಿನಿಂದ ಐಸು ಕೆರೆಯುತ್ತಿದ್ದಳು. ಕೆರೆಯುವಾಗ ಗಂಡನ ಹೆಸರನ್ನು ಜೋರಾಗಿಯೇ ಹೇಳುತ್ತಿದ್ದಳು.

ಇಷ್ಟಾದರೂ ಮೀನು ಸಿಕ್ಕಿದ್ದರೆ ಒಂದು ಮಾತಿತ್ತು. ಹತ್ತೊಂಬತ್ತು ಶನಿವಾರ ದಾನಪ್ಪ ಲೇನಿಯರ್ ಕೆರೆಗೆ ಹೋಗಿ ಬಂದಿದ್ದ. ಹತ್ತೊಂಬತ್ತು ಸಲವೂ ಮೀನು ಕಚ್ಚಿ ತಪ್ಪಿಸಿಕೊಂಡಿತ್ತು. ತಪ್ಪಿಸಿಕೊಂಡ ಮೀನು ಮೊದಲು ಗೇಣುದ್ದ ಇತ್ತು. ಬೇಸಿಗೆ ಕಳೆಯುವ ಹೊತ್ತಿಗೆ ಮೊಳದುದ್ದ ಬೆಳೆದಿತ್ತು.

ಇಳಕಲ್ಲಿನಿಂದ ಆರು ತಿಂಗಳಿಗೆಂದು ಬಂದಿದ್ದ ಅತ್ತೆ ಚನ್ನಮ್ಮನಿಗೆ ಈ ವ್ಯವಹಾರವೇ ತಲೆಗೆ ಹತ್ತಿರಲಿಲ್ಲ. ಬಂದ ವಾರವೇ ಕೇಳಿದ್ದಳು.

"ಅಳಿಯಂದ್ರ, ಹಿಡದ ಮೀನು ಏನು ಮಾಡ್ತೀರಿ? ನಮ್ಮನ್ಯಾಗ ಯಾರೂ ತಿನ್ನಂಗಿಲ್ಲಲ್ಲ."

"ನೀರಿಗೇ ಬಿಟ್ಟು ಬಿಡ್ತೀವ್ರಿ ಅತ್ತಿ."

"ಬಿಡೋದು ಇದ್ರ ಹಿಡಿಯೋದ್ಯಾಕ?"

"ಅಳತಿ ಪಟ್ಟಿ ಮ್ಯಾಲ ಇಟ್ಟು ಫೋಟೋ ತಗೀತೀವ್ರಿ."

"ಕನ್ಯಾ ನೋಡಾಕ ಹೋದಂಗ ಆತು" ಎಂದಳು ಚನ್ನಮ್ಮ. "ಎತ್ತರ ನೋಡೋದು, ಫೋಟೋ ತಗಿಯೋದು, ಆಮ್ಯಾಲ ಒಲ್ಲೆ ಅನ್ನೋದು."

ದಾನಪ್ಪನನ್ನು ಈ ಚಟಕ್ಕೆ ಹಚ್ಚಿದವನು ಮೈಸೂರಿನ ತ್ಯಾಗರಾಜ, ಎರಡು ಬೀದಿ ಆಚೆಯ ಸಾಫ್ಟ್‌ವೇರ್ ಮನುಷ್ಯ. ಅವನದು ಹಳೇ ಪದ್ಧತಿ. ಹುಟ್ಟು ಹಾಕಿಯೇ ದೋಣಿ ನಡೆಸುತ್ತಾನೆ. ಕೊಕ್ಕೆಗೆ ಪುಕ್ಕ ಇಟ್ಟು ದಾರ ಸುತ್ತಿ ನೊಣದ ಹಾಗೆ ಕಾಣುವ ಫ್ಲೈಗಳನ್ನು ತಾನೇ ಕಟ್ಟುತ್ತಾನೆ, ಭೂತಗನ್ನಡಿ ಹಿಡಿದು ಒಂದಕ್ಕೆ ಒಂದು ಗಂಟೆ. ದಾನಪ್ಪನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಅವನ ದೋಣಿಯ ಹಿಂದೆ ಬ್ಯಾಟರಿ ಮೋಟಾರು, ಪೆಟ್ಟಿಗೆಯ ತುಂಬ ಬಣ್ಣ ಬಣ್ಣದ ಪ್ಲಾಸ್ಟಿಕ್ ಹುಸಿಮೀನುಗಳು. "ನೀವು ಬೆವರು ಸುರಿಸ್ರಿ ತ್ಯಾಗರಾಜರ, ನಾ ಗುಂಡಿ ಒತ್ತತೀನಿ" ಎಂದು ಕೆರೆಯ ನಡುವೆ ಅವನನ್ನು ದಾಟಿ ಹೋಗುವುದರಲ್ಲಿ ದಾನಪ್ಪನಿಗೆ ಅರ್ಧ ಮೀನು ಹಿಡಿದಷ್ಟು ಸುಖ.

ಆ ವರ್ಷ ವಿಜಯದಶಮಿ ಶನಿವಾರ ಬಂತು. ಕೆರೆಯಲ್ಲಿ ಕಯಾಕ್ ಕ್ಲಬ್ಬಿನ ಸ್ಪರ್ಧೆಯೂ ಅದೇ ದಿನ, ಬೆಳಿಗ್ಗೆ ಏಳಕ್ಕೆ. ಪ್ರತಿಜ್ಞೆಯ ಗಡುವೂ ಅಂದೇ.

ಶುಕ್ರವಾರ ಸಂಜೆ ಆಫೀಸಿನಿಂದ ಬಂದು ಗರಾಜಿನ ಬಾಗಿಲು ಎತ್ತಿದ ದಾನಪ್ಪ ಹಾಗೇ ನಿಂತ. ನಡುವೆ ದೋಣಿ, ಮದುಮಗನ ಹಾಗೆ. ಮೂತಿಯ ಮೇಲೆ ಮೂರು ಬೆರಳಿನ ವಿಭೂತಿ. ಮೋಟಾರಿಗೆ ಕುಂಕುಮ. ಗಾಳದ ಕೋಲಿಗೆ, ಹುಟ್ಟಿಗೆ, ಮಿಕ್ಸರಿಗೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ, ಎಲ್ಲಕ್ಕೂ ಅರಿಶಿನ. ಹಿತ್ತಲಲ್ಲಿ ಚನ್ನಮ್ಮ ಬೆಳೆಸಿದ ಚೆಂಡು ಹೂಗಳೆಲ್ಲ ಒಂದೂ ಉಳಿಯದೆ ಮಾಲೆಯಾಗಿ, ದೋಣಿಯ ಮೂತಿಯಿಂದ ಬಾಲದ ತನಕ ಹೋಗಿ ಸುತ್ತಿಕೊಂಡು ವಾಪಸು ಬಂದಿದ್ದವು. ಮಾಲೆಯ ತುದಿಗೆ, ಮೂತಿಯ ಹತ್ತಿರ, ಏನೋ ಪದಕ ಬೇರೆ ಹೊಳೆಯುತ್ತಿತ್ತು.

"ಖಂಡೇಪೂಜಿ ನೋಡ್ರಿ" ಎಂದಳು ಚನ್ನಮ್ಮ, ಕೈಗೆ ಹತ್ತಿದ ಕುಂಕುಮ ಒರೆಸಿಕೊಳ್ಳುತ್ತ. "ನಿಮ್ಮ ಆಯುಧಕ್ಕ ಆರು ತಿಂಗಳಿಂದ ಯಶಸ್ಸಿಲ್ಲ. ಪೂಜಿ ಬಿದ್ದಿಲ್ಲ, ಅದಕ್ಕ."

ದಾನಪ್ಪನ ಕಣ್ಣು ತುಂಬಿ ಬಂತು. ಮನೆಯಲ್ಲಿ ಒಬ್ಬರಾದರೂ ತನ್ನ ಕಡೆ ಇದ್ದಾರೆ. "ನಾಳೆ ಆರಕ್ಕ ಹೊಂಡತೀನ್ರಿ ಅತ್ತಿ" ಎಂದ.

"ಎಲ್ಲಿಗೆ? ಪೂಜಿಗೆ ಇಟ್ಟ ಆಯುಧ ನಾಳಿನ ಮಂಗಳಾರತಿ ಆಗೋತನಕ ಮುಟ್ಟಂಗಿಲ್ಲ. ಹತ್ತು ಗಂಟೆಕ್ಕ ಆರತಿ."

ದಾನಪ್ಪ ಹೆಂಡತಿಯ ಮುಖ ನೋಡಿದ. ಅವಳು ಖಾಲಿಯಾಗಲಿದ್ದ ಜಾಗವನ್ನು ಆಗಲೇ ಕಣ್ಣಲ್ಲೇ ಅಳೆಯುತ್ತಿದ್ದಳು. "ಹಿರಿಯರ ಮಾತು ಮೀರಬಾರದ್ರಿ" ಎಂದಳು, ಎಂದೂ ಇಲ್ಲದ ಭಕ್ತಿಯಿಂದ.

ಅರ್ಧ ತಾಸು ವಾದ ನಡೆಯಿತು. ಕೊನೆಗೆ ಚನ್ನಮ್ಮನೇ ಕರಗಿದಳು. "ಹೋಗ್ರಿ. ಆದ್ರ ಆಯುಧದಾಗ ಒಂದಾದ್ರೂ ಪೂಜ್ಯಾಗ ಉಳೀಬೇಕು. ಮತ್ತ ಮಾಲಿ ತಗೀಬ್ಯಾಡ್ರಿ, ಮನಿಗೆ ಬಂದು ಬನ್ನಿ ಕೊಡೋತನಕ."

ದಾನಪ್ಪ ಎಂಜಿನಿಯರು. ಒಂದು ಕ್ಷಣದಲ್ಲಿ ಲೆಕ್ಕ ಹಾಕಿದ. ಕೋಲು ಬೇಕು, ಮೋಟಾರು ಬೇಕೇ ಬೇಕು. "ಹುಟ್ಟು ಇಲ್ಲೇ ಇರಲ್ರಿ" ಎಂದ. "ಮೋಟಾರು ಇದ್ದಾಗ ಹುಟ್ಟು ಯಾರಿಗೆ ಬೇಕು?"

ಮರುದಿನ ಕೆರೆಯ ದಂಡೆಯಲ್ಲಿ ನಲವತ್ತು ಕಯಾಕ್‌ಗಳ ನಡುವೆ ಹೂವಿನ ದೋಣಿ ಒಂದೇ. ಅಮೆರಿಕದ ಗಡ್ಡದ ಗಂಡಸರು ಬಂದು ಕೈ ಕುಲುಕಿದರು. ಒಬ್ಬ ಮದುವೆಯ ಶುಭಾಶಯವನ್ನೂ ಹೇಳಿದ. ಸ್ಪರ್ಧೆ ನಡೆಸುವ ಲಿನೆಟ್ ಎಂಬ ಹಿರಿಯ ಹೆಂಗಸು ಪಟ್ಟಿಯಲ್ಲಿ ಹೆಸರು ಗುರುತು ಮಾಡಿಕೊಂಡು, ಹೂವಿನ ವಾಸನೆ ನೋಡಿ, ಚೆನ್ನಾಗಿದೆ ಎಂದಳು.

"ದಾನಪ್ಪನವ್ರೆ, ಇದೇನು ಫಿಶಿಂಗೋ ತೆಪ್ಪೋತ್ಸವಾನೋ?" ಎಂದ ತ್ಯಾಗರಾಜ.

"ನಗ್ರಿ, ನಗ್ರಿ. ಸಂಜಿಕ್ಕ ಫೋಟೋ ನೋಡಿ ಅಳ್ತೀರಿ."

ದಾನಪ್ಪ ಗುಂಡಿ ಒತ್ತಿದ. ದೋಣಿ ಗುಂಯ್ ಎಂದು ಹೊರಟು ಒಂದು ಕೊಲ್ಲಿಯಲ್ಲಿ ನಿಂತಿತು. ಅವನಿಗೆ ಪ್ರಿಯವಾದ ಒಂದು ಬೆಳ್ಳಿ ಬಣ್ಣದ ಹುಸಿಮೀನು ಪೆಟ್ಟಿಗೆಯಲ್ಲಿ ಕಾಣಲಿಲ್ಲ. ಇರಲಿ ಎಂದು ಹಸಿರು ಬಣ್ಣದ್ದನ್ನು ಕಟ್ಟಿ, ಕೋಲನ್ನು ಹಿಂದಕ್ಕೆ ಎಳೆದು, ಆರು ತಿಂಗಳ ಅವಮಾನವನ್ನೆಲ್ಲ ತೋಳಿಗೆ ತಂದು ಬೀಸಿದ.

ಹುಸಿಮೀನು ಹಾರಿತು. ಹಾರುತ್ತಲೇ ಹೋಯಿತು. ಅದರ ಹಿಂದೆ ದಾರ ಹೋಯಿತು. ದಾರದ ಹಿಂದೆ ದಾರದ ತುದಿಯೂ ಹೋಯಿತು. ಕೈಯಲ್ಲಿ ಉಳಿದದ್ದು ಕೋಲು ಮತ್ತು ಬೋಳು ರೀಲು.

ನೂರೈವತ್ತು ಗಜ ದಾರ ಇದ್ದ ರೀಲು ಅದು. ದಾನಪ್ಪ ಮನೆಗೆ ಫೋನು ಹಚ್ಚಿದ.

"ಅತ್ತಿ, ನನ್ನ ಕೋಲಿನಾಗಿನ ಹಸರು ದಾರ ನೋಡಿದ್ರೇನು?"

"ನೋಡಿದ್ನಲ್ಲ. ಏನು ಗಟ್ಟಿ ದಾರರೀ ಅದು. ನಮ್ಮ ನೂಲು ಅಷ್ಟು ಉದ್ದದ ಮಾಲಿಗೆ ತಡೀಲಿಲ್ಲ, ಪಟ್ಟ ಪಟ್ಟ ಹರೀತು. ನಿಮ್ಮದನ್ನ ನಾಕ ಎಳಿ ಮಾಡಿ ಹೂ ಕಟ್ಟೀನಿ."

"ಎಲ್ಲಾ ತಗೊಂಡ್ರೇನ್ರಿ?"

"ಏ, ಇಲ್ಲಪ. ನಿಮಗೂ ಬೇಕಾಗತೈತಂತ ಸ್ವಲ್ಪ ಬಿಟ್ಟು, ಚಂದಂಗೆ ಸುತ್ತಿಟ್ಟೀನಲ್ಲ."

ಆ ಸ್ವಲ್ಪ ಈಗ ಕೆರೆಯ ತಳದಲ್ಲಿತ್ತು. ದಂಡೆಗೆ ಹೋಗಿ ಯಾರ ಹತ್ತಿರವಾದರೂ ದಾರ ಬೇಡಬೇಕು. ದಾನಪ್ಪ ಸಿಟ್ಟಿನಲ್ಲಿ ಗುಂಡಿಯನ್ನು ಹಿಂದಕ್ಕೆ ಒತ್ತಿದ. ದೋಣಿ ಹಿಂದೆ ಸರಿಯಿತು. ಬಾಲದ ಮೇಲಿನ ಮಾಲೆ ಜಾರಿ ನೀರಿಗೆ ಬಿತ್ತು. ಮೋಟಾರಿನ ರೆಕ್ಕೆ ಅದನ್ನು ಪ್ರಸಾದದ ಹಾಗೆ ಸ್ವೀಕರಿಸಿತು. ಗರ್ ಎಂದು ಸುತ್ತಿ ಸುತ್ತಿ, ಮೂತಿಯ ಮೇಲಿನ ಮಾಲೆಯನ್ನೂ ಕಿತ್ತು ನೀರಿಗೆ ಹಾಕಿ, ಗೊಟಕ್ ಎಂದು ನಿಂತಿತು. ಬರೀ ನೂಲಾಗಿದ್ದರೆ ತುಂಡಾಗುತ್ತಿತ್ತು. ಇದು ದಾನಪ್ಪ ತಿಂಗಳುಗಟ್ಟಲೆ ವಿಮರ್ಶೆ ಓದಿ ಆರಿಸಿದ ದಾರ, ಅದೂ ನಾಲ್ಕು ಎಳೆ.

ದಾರ ಇಲ್ಲ. ಮೋಟಾರು ಇಲ್ಲ. ಹುಟ್ಟು ಮನೆಯಲ್ಲಿ ಮಂಗಳಾರತಿಗೆ ಕಾದಿದೆ. ಗಾಳಿ ನಿಧಾನವಾಗಿ ದೋಣಿಯನ್ನು ಕೆರೆಯ ನಡುವಿಗೆ ತಳ್ಳತೊಡಗಿತು. ದಾನಪ್ಪನಿಗೆ ಗರಾಜು ಕಣ್ಣ ಮುಂದೆ ಬಂತು. ದೋಣಿಯ ಜಾಗದಲ್ಲಿ ವಿಜಯಶ್ರೀಯ ಕಾರು, ಒರೆಸಿದ ಗಾಜು. ತ್ಯಾಗರಾಜನ ಮನೆಯಲ್ಲಿ ತನ್ನ ದೋಣಿ, ಅದರ ಮೋಟಾರನ್ನು ಬಿಚ್ಚಿ ಮೂಲೆಗೆ ಎಸೆದಿದ್ದಾನೆ.

ಹಿಂದಕ್ಕೆ ಬಾಗಿ ಎರಡೂ ಕೈಯಿಂದ ಮಾಲೆಯನ್ನು ಹಿಡಿದು ಜಗ್ಗಿದ. ಬರಲಿಲ್ಲ. ಮತ್ತೆ ಜಗ್ಗಿದ. ಹೂ ಉದುರಿದವು. ಮೂರನೇ ಸಲ ಜಗ್ಗಿದಾಗ ಮಾಲೆ ತಿರುಗಿ ಜಗ್ಗಿತು.

ಮಾಲೆ ಜಗ್ಗುವುದುಂಟೇ? ದಾನಪ್ಪ ಬಿಟ್ಟ. ಮಾಲೆ ಸರ್ರನೆ ಓಡಿತು. ಗಾಬರಿಯಾಗಿ ಹಿಡಿದ. ನೀರು ಒಡೆದು ಒಂದು ಬಾಸ್ ಮೀನು ಗಾಳಿಗೆ ಹಾರಿ, ಅವನನ್ನು ಒಮ್ಮೆ ನೋಡಿ, ಮತ್ತೆ ಮುಳುಗಿತು. ಬಾಯಲ್ಲಿ ಹಳದಿ ಚೆಂಡು ಹೂ. ಹೂವಿನ ಕೆಳಗೆ ಕಾಣೆಯಾದ ಬೆಳ್ಳಿ ಹುಸಿಮೀನು. ಚನ್ನಮ್ಮ ಮಾಲೆಗೆ ಹಾಕಿದ್ದ ಪದಕ ಅದೇ.

ಹೇಗೆ ಎಳೆದನೋ, ಯಾವ ಯಾವ ದೇವರನ್ನು ಕರೆದನೋ, ಮೊಣಕಾಲಿನ ಮೇಲೆ ಹೂವಿನ ರಾಶಿ, ರಾಶಿಯ ಮೇಲೆ ಮೀನು. ಅಳತೆ ಪಟ್ಟಿಯ ಮೇಲೆ ಹತ್ತೊಂಬತ್ತೂವರೆ ಇಂಚು. ಶನಿವಾರಕ್ಕೊಂದು ಇಂಚು, ಮೇಲೆ ಅರ್ಧ ಕೊಸರು. ಫೋಟೋ ತೆಗೆದು, ಮೀನಿಗೆ ಕೈಮುಗಿದು ನೀರಿಗೆ ಬಿಟ್ಟ.

ತ್ಯಾಗರಾಜ ಹುಟ್ಟು ಹಾಕಿಕೊಂಡು ಬಂದು ಹಗ್ಗ ಕಟ್ಟಿ ಎಳೆದ. ದಾರಿಯುದ್ದಕ್ಕೂ ಒಂದೇ ಪ್ರಶ್ನೆ: "ಗುಂಡಿ ಯಾಕೆ ಒತ್ತುತ್ತಿಲ್ಲ ಸಾರ್ ಈಗ?" ದಾನಪ್ಪ ಫೋನಿನಲ್ಲಿ ಮೀನಿನ ಫೋಟೋ ನೋಡುತ್ತ ಕುಳಿತ. ಗೆದ್ದವರು ವಾದ ಮಾಡಬಾರದು.

ದಂಡೆಯಲ್ಲಿ ಲಿನೆಟ್ ಫೋಟೋ ನೋಡಿದಳು, ಹಿಗ್ಗಿಸಿ ನೋಡಿದಳು. ಗಾಳದ ಕೋಲಿನಿಂದ ಹಿಡಿದದ್ದೇ ಎಂದು ಕೇಳಿದಳು. ಬಸವಣ್ಣನ ಮಕ್ಕಳು ಸುಳ್ಳು ಹೇಳಬಾರದೆಂದು ದಾನಪ್ಪ ಇದ್ದದ್ದು ಹೇಳಿದ. ಅವಳು ಕಣ್ಣಲ್ಲಿ ನೀರು ಬರುವ ತನಕ ನಕ್ಕು, ನಿಯಮದ ಪ್ರಕಾರ ಈ ಮೀನು ಲೆಕ್ಕಕ್ಕಿಲ್ಲ ಎಂದು ಬರೆದುಕೊಂಡಳು.

ಲೆಕ್ಕಕ್ಕೆ ಇಲ್ಲದಿದ್ದರೇನು? ಪ್ರತಿಜ್ಞೆ ಮಾಡಿದ್ದು ಕ್ಲಬ್ಬಿಗಲ್ಲ, ಹೆಂಡತಿಗೆ. ಮನೆಗೆ ಬಂದವನೇ ಫೋನು ಮುಂದೆ ಹಿಡಿದ. ದಂಡೆಯ ಮಾತು ಬೇರೆ, ಮನೆಯ ಮಾತು ಬೇರೆ. ಇಲ್ಲಿ ಯಾರೂ ಕೋಲಿನ ವಿಷಯ ಕೇಳಲಿಲ್ಲ, ಅವನೂ ಹೇಳಲಿಲ್ಲ. "ನೋಡ್ರಿ. ಇದಕ್ಕ ಕೈಚಳಕ ಅಂತಾರ. ಮೀನಿನ ಮನಸು ತಿಳೀಬೇಕು" ಎಂದಷ್ಟೇ ಎಂದ.

ಚನ್ನಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. "ವಿಜಿ, ಇದರ ಬಾಯಾಗ ನಮ್ಮ ಹಿತ್ತಲದ ಹೂ ಐತಲ್ಲ. ಇದು ನಾ ಹಾಕಿದ ಗಂಟು. ಈ ಪದಕಾನೂ ನಾನ ಕಟ್ಟಿದ್ದು."

ವಿಜಯಶ್ರೀ ಗಂಡನ ಕಡೆ ತಿರುಗಿದಳು. "ನೀವು ಹಿಡದ್ರ ದೋಣಿ ಇರತೈತಿ ಅಂತ ಮಾತಾಗಿತ್ತು. ಇದನ್ನ ಹಿಡದಾಕಿ ನಮ್ಮವ್ವ. ಈಗ ದೋಣಿ ಯಾರದು?"

ದಾನಪ್ಪ ಅತ್ತೆಯ ಮುಖ ನೋಡಿದ. ಹೈಸ್ಕೂಲಿನ ಫಲಿತಾಂಶದ ದಿನವೂ ಅವನು ಹಾಗೆ ಯಾರ ಮುಖವನ್ನೂ ನೋಡಿರಲಿಲ್ಲ.

ಚನ್ನಮ್ಮ ಬನ್ನಿ ಎಲೆ ಇಟ್ಟಿದ್ದ ತಾಟನ್ನು ಸರಿ ಮಾಡಿದಳು. "ದೋಣಿ ಇರಲಿ" ಎಂದಳು. ದಾನಪ್ಪ ಉಸಿರು ಬಿಟ್ಟ. "ನಾ ಊರಿಗೆ ಹೋಗೋತನಕ ಇರಲಿ. ಆಮ್ಯಾಲ ವಿಜಿ ಹೇಳಿದಂಗ. ಅಲ್ಲೀತನಕ ಆಕಿ ಕಾರು ಒಳಗ, ಅಳಿಯಂದ್ರ ವ್ಯಾನು ಹೊರಗ."

ಸಂಜೆ ಬಾಗಿಲ ಗಂಟೆ ಬಾರಿಸಿತು. ತ್ಯಾಗರಾಜ. ದಾನಪ್ಪನ ಮುಖ ಅರಳಿತು. ಎಷ್ಟಾದರೂ ಸ್ನೇಹಿತ, ಸಮಾಧಾನ ಹೇಳಲು ಬಂದಿದ್ದಾನೆ. "ಬರ್ರಿ ತ್ಯಾಗರಾಜರ, ಕೂಡ್ರಿ" ಎಂದು ಕುರ್ಚಿ ಎಳೆದ.

ತ್ಯಾಗರಾಜ ಕುರ್ಚಿಯನ್ನು ದಾಟಿ ಸೀದಾ ಹೋಗಿ ಚನ್ನಮ್ಮನ ಕಾಲಿಗೆ ನಮಸ್ಕಾರ ಮಾಡಿದ. ಚೀಲದಿಂದ ಕೊಕ್ಕೆ, ಪುಕ್ಕ, ದಾರದ ಉಂಡೆ, ಭೂತಗನ್ನಡಿ ಎಲ್ಲ ತೆಗೆದು ಮುಂದಿಟ್ಟ. "ಅಮ್ಮ, ಹತ್ತು ವರ್ಷದಿಂದ ಫ್ಲೈ ಟೈ ಮಾಡ್ತಿದೀನಿ. ಹತ್ತೊಂಬತ್ತೂವರೆ ಇಂಚು ನನಗೆ ಒಂದ್ಸಲಾನೂ ಬಿದ್ದಿಲ್ಲ. ಆ ಗಂಟು ಹೇಗೆ ಹಾಕಿದ್ರಿ, ಸ್ವಲ್ಪ ಹೇಳಿಕೊಡಿ."

ಚನ್ನಮ್ಮ ಸೆರಗು ಸರಿಮಾಡಿಕೊಂಡು ಚಾಪೆಯ ಮೇಲೆ ಕುಳಿತಳು. ಭೂತಗನ್ನಡಿಯನ್ನು ಪಕ್ಕಕ್ಕೆ ಸರಿಸಿದಳು. ದಾರದ ಒಂದು ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಇನ್ನೊಂದು ತುದಿ ಹಿಡಿಯಲು ಯಾರಿದ್ದಾರೆಂದು ಸುತ್ತ ನೋಡಿದಳು. ಎಳೆದ ಕುರ್ಚಿಯ ಬೆನ್ನು ಹಿಡಿದು ಅಳಿಯ ನಿಂತೇ ಇದ್ದ.

"ಬರ್ರಿ ಅಳಿಯಂದ್ರ" ಎಂದು ಆ ತುದಿಯನ್ನು ಅವನ ಕೈಗೆ ಕೊಟ್ಟಳು. "ಬಿಗಿ ಹಿಡೀರಿ. ಇದನ್ನೂ ತಪ್ಪಿಸ್ಕೊಳ್ಳಾಕ ಬಿಡಬ್ಯಾಡ್ರಿ."