ಆಟದ ವಯಸ್ಸು

ಹುಟ್ಟಿದ ದಿನಾಂಕಕ್ಕೂ ವಯಸ್ಸಿಗೂ ನೇರ ಸಂಬಂಧವಿಲ್ಲವೆಂದು ಬಾಲಕಿಯರ ಸಾಫ್ಟ್‌ಬಾಲ್ ಮಂಡಳಿಯು ಸರ್ವಾನುಮತದಿಂದ ತೀರ್ಮಾನಿಸಿದೆ. ಈ ತೀರ್ಮಾನಕ್ಕೆ ಬರುವ ಮೊದಲು ಮಂಡಳಿಯು ಆಳವಾಗಿ ಯೋಚಿಸಿತು. ನಡುವೆ ಎರಡು ಸಲ ಟೀ ತರಿಸಬೇಕಾಯಿತು.

ಮಂಡಳಿಯಲ್ಲಿ ಎಲ್ಲವೂ ವಯಸ್ಸಿನ ಪ್ರಕಾರ ನಡೆಯುತ್ತದೆ. ಎಂಟರೊಳಗಿನವರಿಗೆ ಚೆಂಡನ್ನು ಒಂದು ಗೂಟದ ಮೇಲೆ ಕೂರಿಸಿ ಕೊಡುತ್ತಾರೆ. ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಹತ್ತರೊಳಗಿನವರಿಗೆ ಕೋಚ್ ತಾವೇ ಮೆಲ್ಲಗೆ ಎಸೆಯುತ್ತಾರೆ. ಹನ್ನೆರಡರೊಳಗಿನವರಿಗೆ ಮಾತ್ರ ಎದುರು ತಂಡದ ಹುಡುಗಿಯೇ ಪಿಚರ್ ಆಗಿ ನಿಂತು, ಕೈಯನ್ನು ಬಾವಿಯ ರಾಟೆಯಂತೆ ಒಂದು ಸುತ್ತು ತಿರುಗಿಸಿ, ಸೊಂಟದ ಕೆಳಗಿನಿಂದ ಎಸೆಯಬೇಕು. ಇದಲ್ಲದೆ ಅರವತ್ತು ದಾಟಿದವರ ವಿಭಾಗವೂ ಒಂದಿದೆ. ಅದಕ್ಕೆ ಅನುದಾನ ಬರುತ್ತಿತ್ತು, ಆಟಗಾರ್ತಿಯರು ಬರುತ್ತಿರಲಿಲ್ಲ.

ತೊಂದರೆ ಶುರುವಾದದ್ದು ಟೈಲರಮ್ಮನ ಮಗಳಿಂದ. ಹನ್ನೊಂದು ವರ್ಷದ ಆ ಹುಡುಗಿಯನ್ನು ಮೈದಾನದಲ್ಲಿ ಎಲ್ಲರೂ ಚಾಟಿ ಎನ್ನುತ್ತಿದ್ದರು. ಅವಳು ಎಸೆದ ಚೆಂಡು ಎದುರಿನವಳು ಬ್ಯಾಟ್ ಎತ್ತುವ ಮೊದಲೇ ಅವಳ ಬೆನ್ನ ಹಿಂದಿನ ಕ್ಯಾಚರಳ ಕೈಗವಸಿನಲ್ಲಿ ಕೂತು ದಣಿವಾರಿಸಿಕೊಳ್ಳುತ್ತಿತ್ತು. ಹೀಗೆ ಔಟಾದವರು ಬಹಳ ಮಂದಿ. ಅದನ್ನು ಮಂಡಳಿ ಕ್ರೀಡಾಸ್ಫೂರ್ತಿಯಿಂದ ಸಹಿಸಿಕೊಂಡಿತ್ತು. ಆದರೆ ಒಂದು ಶನಿವಾರ ಕಾರ್ಯದರ್ಶಿಯವರ ಮಗಳು ಮುದ್ದು ಔಟಾದಳು. ಮರುವಾರವೂ ಔಟಾದಳು. ಮುದ್ದು ಮತ್ತು ಚಾಟಿ ಶಾಲೆಯಲ್ಲಿ ಒಂದೇ ಬೆಂಚಿನವರು. ಔಟಾದವಳು ನಗುತ್ತಾ ಬಂದು, "ನಾಳೆ ಇದ್ದೇ ಇದೆಯಲ್ಲೇ" ಎಂದಳು. ಕಾರ್ಯದರ್ಶಿಯವರು ನಗಲಿಲ್ಲ.

"ನನ್ನ ಮಗಳು ಬ್ಯಾಟ್ ಸರಿಯಾಗೇ ಬೀಸಿದ್ಲು," ಎಂದರು ಅವರು ಅಂಪೈರಿಗೆ. "ಚೆಂಡು ಸರಿಯಾದ ಹೊತ್ತಿಗೆ ಬರಲಿಲ್ಲ."

ಅಂಪೈರ್ ವಾರದ ಉಳಿದ ದಿನಗಳಲ್ಲಿ ಶಾಲೆಯ ಬಸ್ಸು ಓಡಿಸುವವರು. ಬೇಗ ಬಂದದ್ದಕ್ಕೆ ದೂರು ಕೇಳಿದ್ದು ಅವರ ಜೀವಮಾನದಲ್ಲಿ ಅದೇ ಮೊದಲು.

ಕೂಡಲೇ ಎಸೆತದ ನಿಯಮಕ್ಕೆ ತಿದ್ದುಪಡಿ ಬಂತು: "ಪಿಚರ್ ಆದವಳು ಎರಡೂ ಪಾದಗಳನ್ನು ಎಸೆಯುವ ಜಾಗದ ಹಲಗೆಯ ಮೇಲಿಟ್ಟು, ಚೆಂಡನ್ನು ಎರಡೂ ಕೈಗಳಲ್ಲಿ ಹಿಡಿದು, ಬ್ಯಾಟರಳ ಮನಸ್ಸು ಸಿದ್ಧವಾಗುವವರೆಗೆ ಕಾಯತಕ್ಕದ್ದು. ಮನಸ್ಸು ಸಿದ್ಧವಾಗಿದೆಯೇ ಎಂಬುದನ್ನು ಬ್ಯಾಟರಳ ತಂದೆ ತಿಳಿಸತಕ್ಕದ್ದು."

ಮುಂದಿನ ಪಂದ್ಯದಲ್ಲಿ ಚಾಟಿ ಚೆಂಡು ಹಿಡಿದು ನಿಂತಳು. ಕಾರ್ಯದರ್ಶಿಯವರು ಮಗಳ ಮನಸ್ಸನ್ನು ದೂರದಿಂದಲೇ ಪರೀಕ್ಷಿಸುತ್ತಾ ಕೂತರು. ಚಾಟಿಯ ಮೂಗಿನ ಮೇಲೆ ನೊಣ ಕೂತಿತು, ಎದ್ದಿತು, ಮತ್ತೆ ಕೂತಿತು. ಕೊನೆಗೆ ಮುದ್ದುವೇ, "ಅಪ್ಪಾ, ಕಾಲು ನೋಯ್ತಿದೆ, ಹೂಂ ಅನ್ನಿ" ಎಂದು ಕೂಗಿದ ಮೇಲೆ ಅವರು ತಲೆಯಾಡಿಸಿದರು. ಚೆಂಡು ಹೋಯಿತು. ಮುದ್ದು ಔಟು.

ಈಗ ಮಂಡಳಿಗೆ ವಿಷಯದ ಬುಡ ಹೊಳೆಯಿತು. ದೋಷ ಎಸೆತದಲ್ಲಿ ಇರಲಿಲ್ಲ, ವಯಸ್ಸಿನಲ್ಲಿ ಇತ್ತು. ಹನ್ನೊಂದು ವರ್ಷದವಳು ಹೀಗೆ ಎಸೆಯಲಾರಳು. ಇವಳು ಹೀಗೆ ಎಸೆಯುತ್ತಾಳೆ. ಆದ್ದರಿಂದ ಇವಳಿಗೆ ಹನ್ನೊಂದು ಆಗಿರಲಾರದು. ಖಚಿತಪಡಿಸಿಕೊಳ್ಳಲು ತಜ್ಞರನ್ನು ಕರೆಸಿದರು. ಮಂಡಳಿಯ ಖಜಾಂಚಿಯೇ ದನದ ಡಾಕ್ಟರಾಗಿದ್ದರಿಂದ ತಜ್ಞರನ್ನು ಹುಡುಕಿಕೊಂಡು ಅಲೆಯುವ ಕಷ್ಟ ತಪ್ಪಿತು.

"ಬಾಯಿ ತೆಗಿ," ಎಂದರು ಡಾಕ್ಟರು. ಚಾಟಿ ತೆಗೆದಳು. ಹಿಂದಿನ ವಾರವಷ್ಟೇ ಅವಳ ಹಾಲುಹಲ್ಲೊಂದು ಬಿದ್ದಿತ್ತು.

"ಹಲ್ಲು ಉದುರೋದಕ್ಕೆ ಶುರುವಾಗಿದೆ," ಎಂದು ಅವರು ಗಂಭೀರವಾಗಿ ಕೈ ತೊಳೆದುಕೊಂಡರು. "ಅರವತ್ತು ದಾಟಿದೆ."

ಟೈಲರಮ್ಮ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಮಂಡಳಿಯ ಕಚೇರಿಗೆ ಓಡಿಬಂದಳು.

"ಸಾರ್, ಇವಳನ್ನ ಹೆತ್ತವಳು ನಾನು. ನನಗೇ ಇನ್ನೂ ನಲವತ್ತಾಗಿಲ್ಲ!"

"ಅದು ಮನೆ ವಯಸ್ಸಮ್ಮ," ಎಂದರು ಕಾರ್ಯದರ್ಶಿ, ತಾಳ್ಮೆಯಿಂದ. "ನಾವು ಹೇಳ್ತಿರೋದು ಆಟದ ವಯಸ್ಸು."

"ಅಂದ್ರೆ ನನ್ನ ಮಗಳು ನನಗಿಂತ ದೊಡ್ಡವಳಾ?"

"ಮನೆ ವಿಷಯಕ್ಕೆ ಮಂಡಳಿ ಕೈಹಾಕಲ್ಲ. ಆದ್ರೆ ಮೈದಾನಕ್ಕೆ ಬಂದಾಗ ಸ್ವಲ್ಪ ಬಹುವಚನದಲ್ಲಿ ಮಾತಾಡಿಸಿ."

ಚಾಟಿ ಅರವತ್ತು ದಾಟಿದವರ ವಿಭಾಗಕ್ಕೆ ಸೇರಿದಳು. ಅಲ್ಲಿ ಅವಳ ಹೊರತು ಯಾರೂ ಇಲ್ಲದ್ದರಿಂದ ಪ್ರತಿ ಶನಿವಾರ ಆಡದೆಯೇ ಗೆಲ್ಲುತ್ತಿದ್ದಳು. ಅನುದಾನಕ್ಕೂ ಒಂದು ಅರ್ಥ ಬಂದಂತಾಗಿ, ಮಂಡಳಿಯ ಕೋಣೆಗೆ ಹೊಸ ಸೋಫಾ ಬಂತು. ಗೆದ್ದ ಕಪ್‌ಗಳನ್ನು ಚಾಟಿ ಅಮ್ಮನ ಅಂಗಡಿಯಲ್ಲಿ ಅಂಗಿಯ ಗುಂಡಿ ತುಂಬಿಡಲು ಕೊಟ್ಟಳು. ಸಂಜೆಯಿಡೀ ಅಂಗಡಿಯ ಹಿಂದಿನ ಗೋಡೆಗೆ ಚೆಂಡು ಎಸೆಯುತ್ತಿದ್ದಳು. ಒಳಗೆ ಅಳತೆ ಕೊಡಲು ನಿಂತವರು ಒಂದೊಂದು ಸದ್ದಿಗೂ ಬೆಚ್ಚುತ್ತಿದ್ದುದರಿಂದ ಎದೆಯ ಸುತ್ತಳತೆ ಹೆಚ್ಚುಕಮ್ಮಿಯಾಗುತ್ತಿತ್ತು.

"ಆ ಗೋಡೆ ನಿನಗೇನೇ ಮಾಡಿದೆ?" ಎಂದಳು ತಾಯಿ.

"ಏನೂ ಮಾಡಲ್ಲಮ್ಮ. ಅದೇ ಬೇಜಾರು. ಹೊಡೆಯೋದೂ ಇಲ್ಲ, ಔಟೂ ಆಗಲ್ಲ." ಹೇಳುತ್ತಾ ಹೇಳುತ್ತಾ ಅವಳು ಅಂಗಿಯ ತೋಳಿಗೆ ಮೂಗು ಒರೆಸಿಕೊಂಡಳು. ತಾಯಿ ಕತ್ತರಿ ಕೆಳಗಿಟ್ಟು, ಅರವತ್ತು ದಾಟಿದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

ಇತ್ತ ಮುದ್ದುವಿನ ಪಾಡೂ ಹೇಳಿಕೊಳ್ಳುವಂತಿರಲಿಲ್ಲ. ಚಾಟಿ ಹೋದ ಮೇಲೆ ಬಂದ ಪಿಚರಳಿಗೂ ಅವಳು ಔಟಾದಳು. ಒಂದು ಚೆಂಡನ್ನೂ ಮುಟ್ಟದವಳ ವಯಸ್ಸು ಕಡಿಮೆಯೇ ಇರಬೇಕೆಂದು ಮಂಡಳಿ ಅವಳನ್ನು ಹತ್ತರೊಳಗೆ ಇಳಿಸಿತು. ಅಲ್ಲಿ ಕೋಚ್ ಚೆಂಡನ್ನು ಬ್ಯಾಟಿಗೇ ಗುರಿಯಿಟ್ಟು ಎಸೆದರೂ, ಅವಳು ಸೌಜನ್ಯಕ್ಕೆಂಬಂತೆ ಬ್ಯಾಟನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟಳು. ಆಮೇಲೆ ಎಂಟರೊಳಗೆ. ಗೂಟದ ಮೇಲಿನ ಚೆಂಡಿಗೆ ಅವಳ ಬ್ಯಾಟ್ ತಗಲಿದ ದಿನ ಕಾರ್ಯದರ್ಶಿಯವರ ಕಣ್ಣು ತೇವವಾಯಿತು. ಅವಳ ಸೊಂಟದೆತ್ತರದ ತಂಡದವರು ಸುತ್ತ ನಿಂತು, "ಅಕ್ಕ ಗೆದ್ರು" ಎಂದು ಚಪ್ಪಾಳೆ ತಟ್ಟಿದರು. ಮುದ್ದು ಮಾತ್ರ ತಲೆ ತಗ್ಗಿಸಿ ನಿಂತಿದ್ದಳು.

ಎಂಟರೊಳಗಿನವರ ಸಮವಸ್ತ್ರ ಅವಳಿಗೆ ಮೊಣಕೈಯಿಂದ ಮೇಲೇರುತ್ತಿರಲಿಲ್ಲ. ಅದರ ಹೊಲಿಗೆ ಬಿಚ್ಚಿಸಿ ದೊಡ್ಡದು ಮಾಡಿಸಲು ಅವಳು ಟೈಲರಮ್ಮನ ಅಂಗಡಿಗೆ ಬಂದಳು. ಹಿಂದಿನ ಗೋಡೆಯ ಸದ್ದು ಕೇಳಿ ಅತ್ತ ಹೋದಳು.

"ಚಾಟಿ, ಗೂಟ ಸಾಕಾಯ್ತು ಕಣೇ. ನನಗೆ ನಿನ್ನ ಚೆಂಡು ಹೊಡೀಬೇಕು."

"ನಿಮ್ಮಪ್ಪ ಬಿಡ್ತಾರಾ? ಬೇರೆ ಬೇರೆ ವಿಭಾಗದವರು ಒಟ್ಟಿಗೆ ಆಡಬಾರದಂತೆ."

ಮಗಳ ಪ್ಯಾಂಟು ಹೊಲಿಸಲು ಬಂದು ಕೂತಿದ್ದ ಅಂಪೈರ್ ಬಾಗಿಲಲ್ಲಿ ಇಣುಕಿದರು. "ಪಂದ್ಯ ಆಡಬಾರದು, ಅಷ್ಟೇ. ಆದ್ರೆ ಎಂಟರೊಳಗಿನ ಮಕ್ಕಳನ್ನ ಯಾರಾದ್ರೂ ಹಿರಿಯರು ಕೈಹಿಡಿದು ಮೈದಾನಕ್ಕೆ ಕರೆತರಬೇಕು, ಜೊತೆಯಲ್ಲೇ ಇದ್ದು ನೋಡಿಕೋಬೇಕು ಅಂತ ನಿಯಮ ಇದೆ. ಹಿರಿಯರು ಯಾರು ಅನ್ನೋದನ್ನ ಮಂಡಳಿನೇ ಹೇಳಿಯಾಗಿದೆ."

ಅಂದಿನಿಂದ ಪ್ರತಿ ಶನಿವಾರ ಚಾಟಿಯು ಮುದ್ದುವಿನ ಕೈಹಿಡಿದು ಮೈದಾನಕ್ಕೆ ಕರೆತಂದಳು. ಮುದ್ದು ಅವಳಿಗಿಂತ ಒಂದು ಗೇಣು ಎತ್ತರವಿದ್ದಳು, ಯಾರೂ ಆಕ್ಷೇಪಿಸಲಿಲ್ಲ. ನೀರಿನ ಟ್ಯಾಂಕಿನ ಹಿಂದಿನ ಜಾಗದಲ್ಲಿ ಚಾಟಿ ಎಸೆದಳು, ಮುದ್ದು ಬೀಸಿದಳು. ಚೆಂಡು ತಪ್ಪಿತು. "ನಿಧಾನ ಮಾಡ್ಲೇನೇ?" ಎಂದರೆ, "ಮಾಡಿದ್ರೆ ನೋಡು!" ಎಂದು ಮುದ್ದು ಗದರಿಸಿದಳು. ವಾರಗಟ್ಟಲೆ ತಪ್ಪಿತು. ಒಂದು ದಿನ ತಪ್ಪಲಿಲ್ಲ.

ಮಂಡಳಿಯ ಸಭೆ ನಡೆಯುತ್ತಿತ್ತು. ಚೆಂಡು ತೆರೆದ ಕಿಟಕಿಯಿಂದ ಒಳಬಂದು, ಬಿಸ್ಕತ್ತಿನ ತಟ್ಟೆಯನ್ನು ಉರುಳಿಸಿ, ಹೊಸ ಸೋಫಾದ ಮೇಲೆ ಕೂತಿತು. ಕಾರ್ಯದರ್ಶಿಯವರು ಚೆಂಡನ್ನು ಎತ್ತಿಕೊಂಡು, ಕೆಂಡವಾಗಿ ಹೊರಗೆ ಬಂದರು.

"ಯಾರದು?"

"ಯಾರೋ ಅಜ್ಜಿ ಪುಟ್ಟ ಮಗೂನ ಆಡಿಸ್ತಿದ್ದಾರೆ ಸಾರ್," ಎಂದರು ಅಂಪೈರ್.

ಕಾರ್ಯದರ್ಶಿಯವರು ನೋಡಿದರು. ಟ್ಯಾಂಕಿನ ಬಳಿ ಅವರ ಮಗಳು ಬ್ಯಾಟನ್ನು ಎಸೆದು ಕೂಗಾಡುತ್ತಾ ಕುಣಿಯುತ್ತಿದ್ದಳು; ಹಲ್ಲು ಬಿದ್ದ ಹುಡುಗಿಯೊಬ್ಬಳು ಅವಳಿಗಿಂತ ಜೋರಾಗಿ ಕುಣಿಯುತ್ತಿದ್ದಳು. ಅವರು ಇಬ್ಬರನ್ನೂ ನಿಯಮದೊಂದಿಗೆ ತಾಳೆ ನೋಡಿದರು. ತಾಳೆಯಾಯಿತು. ಮುಖ ಸಡಿಲವಾಯಿತು. ನಡೆದುಹೋಗಿ ಚೆಂಡನ್ನು ಎರಡೂ ಕೈಯಲ್ಲಿ ಒಪ್ಪಿಸಿದರು.

"ತಗೊಳ್ಳಿ ಅಜ್ಜಿ. ಮಕ್ಕಳ ಜೊತೆ ಜಾಸ್ತಿ ಕುಣೀಬೇಡಿ, ಮಂಡಿ ನೋವು ಬರುತ್ತೆ."

"ಆಗಲಪ್ಪ," ಎಂದಳು ಚಾಟಿ. "ಬಿಸಿಲು ಜೋರಾಗಿದೆ, ನೀನು ಒಳಗೆ ಹೋಗು."

ಕಾರ್ಯದರ್ಶಿಯವರು ತಲೆಬಾಗಿ, ಒಳಗೆ ಹೋದರು.