‘ನಮ್ಮವರು’ ಪದದ ಕುರಿತು ಕಚೇರಿಯ ತೀರ್ಮಾನ

ಚಲನಚಿತ್ರ ಪರಿಶೀಲನಾ ಕಚೇರಿಯ ನಿಯಮಾವಳಿಯಲ್ಲಿ ‘ಗಂಡ’ ಎಂಬ ಪದ ಒಂದೇ ಕಡೆ ಬರುತ್ತದೆ. ಅದೂ ಅಗ್ನಿ ಸುರಕ್ಷತೆಯ ಅಧ್ಯಾಯದಲ್ಲಿ, ‘ಗಂಟೆ’ ಎಂದಿರಬೇಕಾದಲ್ಲಿ ಆದ ಅಚ್ಚಿನ ತಪ್ಪು: “ಬೆಂಕಿ ಕಂಡಕೂಡಲೇ ಗಂಡ ಬಾರಿಸತಕ್ಕದ್ದು.” ಆದ್ದರಿಂದ ಮುಂದಿನ ಪ್ರಕರಣ ಎದುರಾದಾಗ ಕಚೇರಿಗೆ ಬೇರಾವ ಮಾರ್ಗದರ್ಶನವೂ ಇರಲಿಲ್ಲ.

ಪ್ರಮಾಣಪತ್ರಕ್ಕಾಗಿ ಒಂದು ಚಿತ್ರ ಬಂದಿತ್ತು. ಎಪ್ಪತ್ತು ವರ್ಷದ ಹಿಂದಿನ ಯುದ್ಧಕಾಲದ ಗೂಢಚಾರರ ಕಥೆ. ಗಂಡ ಶತ್ರುದೇಶದ ಗೂಢಚಾರ, ಹೆಂಡತಿ ಈ ಕಡೆಯ ಸರ್ಕಾರದ ಗುಪ್ತಲಿಪಿ ವಿಭಾಗದ ಉದ್ಯೋಗಿ. ಕೊನೆಯ ದೃಶ್ಯದಲ್ಲಿ ಆಕೆ ಕಿಟಕಿಯಲ್ಲಿ ನಿಂತಿರುತ್ತಾಳೆ. ಬೀದಿಯ ಒಂದು ತುದಿಯಿಂದ ಗಂಡ ಬರುತ್ತಾನೆ, ಇನ್ನೊಂದು ತುದಿಯಿಂದ ಈ ದೇಶದ ಸೈನಿಕರು. ಆಕೆ “ನಮ್ಮವರು ಬಂದರು” ಎನ್ನುತ್ತಾಳೆ. ಚಿತ್ರ ಮುಗಿಯುತ್ತದೆ.

ಯಾರು ಬಂದರು ಎಂಬುದನ್ನು ಪ್ರೇಕ್ಷಕರು ತೀರ್ಮಾನಿಸಬೇಕು. ಪ್ರೇಕ್ಷಕರು ತೀರ್ಮಾನಿಸುವುದಕ್ಕೆ ನಿಯಮಾವಳಿಯಲ್ಲಿ ಅವಕಾಶವಿಲ್ಲ.

ಕಡತ ಹಿರಿಯ ಪರಿಶೀಲಕಿಯ ಮೇಜಿಗೆ ಬಂತು. ಆ ಚಿತ್ರದ ಸಂಭಾಷಣೆ ಬರೆದವರು ಆಕೆಯ ಪತಿ. ಹನ್ನೊಂದು ವರ್ಷ ಬರೆದು, ಹರಿದು, ಮತ್ತೆ ಬರೆದಿದ್ದರು. ಕಚೇರಿಯ ಮುಖ್ಯಸ್ಥರಾದ ಕತ್ತರಿ ಸಾಹೇಬರು ಆಕೆಯನ್ನು ಕರೆಸಿದರು.

“ಇದರಲ್ಲಿ ‘ನಮ್ಮವರು’ ಅಂದ್ರೆ ಯಾರಮ್ಮ?”

“ಗೊತ್ತಿಲ್ಲ ಸರ್.”

“ಬರೆದವರು ನಿಮ್ಮವರೇ ಅಲ್ವಾ?”

“ಹೌದು ಸರ್, ನಮ್ಮವರೇ.”

ಸಾಹೇಬರು ಪೆನ್ನು ಕೆಳಗಿಟ್ಟರು. “ಈಗ ನೀವು ಅಂದಿದ್ದು ಯಾವ ಅರ್ಥದಲ್ಲಿ?”

ಕಚೇರಿಯ ನಿಲುವು ಸ್ಪಷ್ಟವಾಗಿತ್ತು. ‘ನಮ್ಮವರು’ ಎಂದರೆ ಗಂಡ ಎಂದಾದರೆ ಅದು ಶತ್ರುವಿನ ಮೇಲಿನ ಮಮತೆ. ನಿಯಮ ಹದಿನಾಲ್ಕರ ಪ್ರಕಾರ ಚಿತ್ರಕ್ಕೆ ನಿಷೇಧ. ಸೈನಿಕರು ಎಂದಾದರೆ ಅದು ದಾಂಪತ್ಯಕ್ಕೆ ದ್ರೋಹ; ನಿಯಮ ಹದಿನೈದರ ಪ್ರಕಾರ ನಿಷೇಧ. ಕಟ್ಟಿಕೊಂಡ ಗಂಡ ಆ ಕ್ಷಣಕ್ಕೆ ಗಂಡನಲ್ಲದಿದ್ದರೆ ಮಾತ್ರ ಎರಡೂ ನಿಯಮಗಳಿಂದ ತಪ್ಪಿಸಿಕೊಳ್ಳಬಹುದು ಎಂದು ಸಾಹೇಬರು ಮೂರು ದಿನ ಯೋಚಿಸಿ ಕಂಡುಹಿಡಿದರು.

“ನಾಯಕಿಯ ಮದುವೆ ಅಮಾನತಿನಲ್ಲಿದೆ ಅಂತ ತೆರೆಯ ಮೇಲೆ ಒಂದು ಸಾಲು ಹಾಕಿದರೆ ಆಯ್ತು. ಆದರೆ ಮದುವೆ ಅಮಾನತು ಮಾಡಿದ ಪೂರ್ವನಿದರ್ಶನ ಬೇಕಲ್ಲ? ಹುಡುಕಿಸಿದೆ. ಒಂದೂ ಇಲ್ಲ.” ಅವರು ಕನ್ನಡಕ ಒರೆಸಿದರು. “ನಿಮ್ಮದು ಎಷ್ಟು ವರ್ಷ ಆಯ್ತು?”

“ಹತ್ತೊಂಬತ್ತು, ಸರ್.”

“ಸಾಕಷ್ಟು ಸೇವೆ ಆಗಿದೆ.”

ಮನೆಯಲ್ಲಿ ಆಕೆ ವಿಷಯ ತಿಳಿಸಿದರು. “ಒಂದೋ ಆ ವಾಕ್ಯ ಹೋಗ್ಬೇಕು, ಇಲ್ಲ ನಮ್ಮ ಮದುವೆ ಅಮಾನತು ಆಗ್ಬೇಕು.”

ಪತಿ ತಟ್ಟೆಯಿಂದ ತಲೆ ಎತ್ತಲಿಲ್ಲ. “ವಾಕ್ಯ ತೆಗೆದ್ಬಿಡೋಣ ಬಿಡು” ಎಂದರು.

“ತೆಗೆದು ಜೀವನಪೂರ್ತಿ ಮುಖ ಊದಿಸ್ಕೊಂಡು ಕೂತಿರ್ತೀರಿ. ಅದನ್ನ ನೋಡ್ಕೊಂಡಿರೋರು ಯಾರು? ನಾನೇ ತಾನೇ?”

ಮರುದಿನ ಆಕೆ ಅಮಾನತಿಗೆ ಒಪ್ಪಿ ಸಹಿ ಹಾಕಿದರು. ಆದೇಶ ಹೀಗಿತ್ತು: “ಪೂರ್ವನಿದರ್ಶನ ಸೃಷ್ಟಿಸುವ ಸಲುವಾಗಿ ಸದರಿ ವಿವಾಹವನ್ನು ಅಮಾನತಿನಲ್ಲಿಡಲಾಗಿದೆ. ಸಂಬಂಧಪಟ್ಟವರು ಒಂದೇ ಮನೆಯಲ್ಲಿ ವಾಸಿಸಬಹುದು. ಆದರೆ ಪರಸ್ಪರ ವಿಚಾರಿಸಿಕೊಳ್ಳತಕ್ಕದ್ದಲ್ಲ. ‘ನಮ್ಮವರು’ ಎಂಬ ಪದವನ್ನು ಬಳಸತಕ್ಕದ್ದಲ್ಲ. ಪ್ರತಿ ವಾರ ಒಬ್ಬರು ಇನ್ನೊಬ್ಬರ ಮೇಲೆ ನಿಗಾ ಇಟ್ಟು ಗುಪ್ತ ವರದಿ ಸಲ್ಲಿಸತಕ್ಕದ್ದು.”

ದೂರದೂರಿನಲ್ಲಿದ್ದ ಅಕ್ಕ ಫೋನು ಮಾಡಿದರು. “ಏನೇ ಇದು, ಒಂದು ಸಾಲಿಗೋಸ್ಕರ ಗಂಡನ್ನ ಬಿಟ್ಯಂತೆ?”

“ಬಿಟ್ಟಿಲ್ಲ ಅಕ್ಕ. ಅಮಾನತು.”

“ನಿಮ್ಮ ಭಾವನ್ನೂ ಮಾಡಿಸೋಕಾಗುತ್ತೇನೇ? ಅರ್ಜಿ ಎಲ್ಲಿ ಸಿಗುತ್ತೆ?”

ಗುಪ್ತ ವರದಿಗಳನ್ನು ಇಬ್ಬರೂ ಊಟದ ಮೇಜಿನ ಮೇಲೆ, ಎದುರುಬದುರು ಕೂತು ಬರೆಯುತ್ತಿದ್ದರು. ಆಕೆಯ ಕಾಗುಣಿತವನ್ನು ಅವರು ತಿದ್ದಿಕೊಡುತ್ತಿದ್ದರು. ಚಳಿಯ ಒಂದು ವಾರದಲ್ಲಿ ಆಕೆ ಬರೆದದ್ದು: “ಸದರಿಯವರು ಮೂರು ದಿನದಿಂದ ಕೆಮ್ಮುತ್ತಿದ್ದಾರೆ. ನಾನು ವಿಚಾರಿಸಿಲ್ಲ.” ಅದೇ ವಾರ ಅವರು ಬರೆದದ್ದು: “ನಾನು ಕೆಮ್ಮಿದಾಗ ಬಿಸಿನೀರಿನ ಲೋಟ ತಾನಾಗಿಯೇ ಮಂಚದ ಪಕ್ಕಕ್ಕೆ ಬಂತು. ತಂದವರು ಯಾರೆಂದು ತಿಳಿದುಬಂದಿಲ್ಲ. ತನಿಖೆ ಬೇಡ.” ಸಾಹೇಬರು ಎರಡನ್ನೂ ಓದಿ ‘ತೃಪ್ತಿಕರ’ ಎಂದು ಮುದ್ರೆ ಒತ್ತಿದರು.

ಚಿತ್ರ ಬಿಡುಗಡೆಯಾಯಿತು. ಕೊನೆಯ ದೃಶ್ಯದಲ್ಲಿ ಕಿಟಕಿಯ ಕೆಳಗೆ “ಈ ಸಂದರ್ಭದಲ್ಲಿ ನಾಯಕಿಯ ವಿವಾಹ ಅಮಾನತಿನಲ್ಲಿದೆ” ಎಂಬ ಸಾಲು ಮೂಡಿದಾಗ ಜನ ಚಪ್ಪಾಳೆ ತಟ್ಟಿದರು. ಇಡೀ ಚಿತ್ರದಲ್ಲಿ ತಮಗೆ ಪೂರ್ತಿ ಅರ್ಥವಾದದ್ದು ಅದೊಂದೇ ಸಾಲು ಎಂದು ಹಲವರು ಹೇಳಿದರು.

ಪರಿಶೀಲಕಿ ಅಮಾನತು ತೆರವಿಗೆ ಅರ್ಜಿ ಹಾಕಿದರು. ಸಾಹೇಬರು ಅರ್ಜಿಯನ್ನು ಎರಡು ಸಲ ಓದಿದರು.

“ತೆರವು ಮಾಡಿದ್ರೆ ಪೂರ್ವನಿದರ್ಶನ ಹೋಗುತ್ತೆ. ಅದು ಹೋದ್ರೆ ಪ್ರಮಾಣಪತ್ರ ಹೋಗುತ್ತೆ. ಚಿತ್ರ ಓಡೋವರೆಗೂ ಇರಲಿ ಅಮ್ಮಾ.”

“ಆಮೇಲೆ ಸರ್?”

“ಆಮೇಲೆ ಅದನ್ನ ಸಂಗ್ರಹಾಲಯದಲ್ಲಿ ಇಡ್ತಾರೆ. ಶಾಶ್ವತವಾಗಿ. ಒಳ್ಳೇ ಚಿತ್ರ.”

ಆಕೆ ಅರ್ಜಿಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ತಮ್ಮ ಮೇಜಿಗೆ ಹೋದರು.

ಆ ಸಂಜೆ ಅಕ್ಕನ ಫೋನು ಬಂದಿದ್ದಾಗ ಗೇಟು ಕಿರ್ರೆಂದಿತು. ಪರಿಶೀಲಕಿ ಕಿಟಕಿಯ ಬಳಿ ಹೋದರು. ಬೀದಿಯ ಇನ್ನೊಂದು ತುದಿಯಿಂದ ಯಾರೂ ಬರುತ್ತಿರಲಿಲ್ಲ.

“ಯಾರೇ ಬಂದಿದ್ದು?” ಎಂದರು ಅಕ್ಕ.

ಆಕೆ ನಿಯಮ ಮೀರಲಿಲ್ಲ.

“ಸಂಬಂಧಪಟ್ಟವರು ಬಂದರು” ಎಂದು ಹೇಳಿ, ನೀರು ಬಿಸಿಗಿಡಲು ಒಳಗೆ ಹೋದರು.