ಪೆರುವಿನ ನಿಷ್ಠೆ

ನಮ್ಮ ಕಾಕಾ ನಿಮ್ಮನ್ನು ನೋಡಿದ ಕೂಡಲೇ ನೀವು ಆಸ್ಟ್ರಿಯಾದ ಗೂಢಚಾರರೆಂದು ತೀರ್ಮಾನಿಸಿಬಿಡುತ್ತಾರೆ! ಬೇಜಾರು ಮಾಡಿಕೊಳ್ಳಬೇಡಿ, ಹಾಲು ಹಾಕಲು ಬರುವವನ ಮೇಲೂ ಅವರಿಗೆ ಅದೇ ಗುಮಾನಿ.

ಅನಗೋಳದ ಮನೆಯಲ್ಲಿ ಕೂತು ಕಾಕಾ ಮೂರು ಶತಮಾನದ ಹಿಂದಿನ ಸ್ಪೇನಿನ ಇತಿಹಾಸವನ್ನು ತಿದ್ದಿ ಬರೆಯುತ್ತಿದ್ದಾರೆ. ಅಲ್ಲಿನ ದೊರೆ ಮಕ್ಕಳಿಲ್ಲದೆ ಸತ್ತ. ಸಿಂಹಾಸನಕ್ಕೆ ಫ್ರಾನ್ಸಿನವನೊಬ್ಬ, ಆಸ್ಟ್ರಿಯಾದವನೊಬ್ಬ ಜಗಳಕ್ಕೆ ನಿಂತರು. ಸಮುದ್ರದಾಚೆಯ ವಸಾಹತುಗಳು ಫ್ರಾನ್ಸಿನವನ ಕಡೆಗೇ ಉಳಿದವು. ಇಷ್ಟು ನಿಜ. ಉಳಿಯದಿದ್ದರೆ? ಅದೇ ಕಾಕಾರ ಪುಸ್ತಕ.

ಯಾರು ಯಾವ ಕಡೆ ಎಂದು ತಾವೊಬ್ಬರೇ ತೀರ್ಮಾನಿಸಿದರೆ ಪಕ್ಷಪಾತವಾದೀತೆಂದು ಒಂದೊಂದು ವಸಾಹತನ್ನು ಒಬ್ಬೊಬ್ಬ ನೆಂಟರಿಗೆ ಹಂಚಿದ್ದಾರೆ. ಕಾಕಾ ಅಧ್ಯಾಯ ಬರೆದು, ಲಕೋಟೆಗೆ ಅರಗಿನ ಮುದ್ರೆ ಒತ್ತಿ ಕಳಿಸುತ್ತಾರೆ. ನಾವು ಓದಿ, ಯಾವ ರಾಜನ ಕಡೆ ಎಂದು ಬರೆದು ತಿಳಿಸಬೇಕು. ಮಹಾಂತೇಶ ನಗರದ ಅಳಿಯ ಕ್ಯೂಬಾ. ನಾನು ಮನಿಲಾ, ಜೊತೆಗೆ ಟಪಾಲಿನವನು. ಬೆಳ್ಳಿ ಗಣಿಗಳ ಪೆರು ಮಾತ್ರ ಖಾನಾಪುರದ ಅತ್ತೆಗೆ, ಅಂದರೆ ಕಾಕಾರ ಅಕ್ಕನಿಗೆ. ತಾಯಿಯಿಲ್ಲದ ಕಾಕಾರನ್ನು ಬೆಳೆಸಿದವರು ಅವರೇ.

ಅತ್ತೆಗೆ ಒಂದೊಂದಾಗಿ ಐದು ಲಕೋಟೆ ಮುಟ್ಟಿಸಿ ಬಂದೆ. ಪೆರುವಿನಿಂದ ಒಂದಕ್ಕೂ ಉತ್ತರವಿಲ್ಲ. ಬೆಳ್ಳಿಯಿಲ್ಲದೆ ಯುದ್ಧ ನಡೆಯುವುದು ಹೇಗೆ? ಪುಸ್ತಕ ನಿಂತೇ ಹೋಯಿತು. ಕಾಕಾ ನನ್ನ ವಿಚಾರಣೆಗೆ ಕುಳಿತರು.

"ಲಕೋಟಿ ಇಸ್ಕೊಂಡು ಅಕ್ಕ ಏನಂದ್ಲು?"

"ಉಂಡು ಹೋಗು ಅಂದ್ಲರಿ."

"ಏನ್ ಮಾಡಿದ್ಲು?"

"ಹೋಳಿಗಿ."

"ಹಬ್ಬ ಇಲ್ಲ, ಹುಣ್ಣಿಮಿ ಇಲ್ಲ, ಹೋಳಿಗಿ? ಖರೇ ಹೇಳು, ನೀವಿಬ್ರೂ ಆಸ್ಟ್ರಿಯಾದ ಕಡೆ ಅದೀರಿ, ಹೌದಿಲ್ಲೊ?"

ಮರುದಿನ ದಂಗೆಯನ್ನು ಖುದ್ದಾಗಿ ಅಡಗಿಸಲು ನನ್ನನ್ನೂ ಎಳೆದುಕೊಂಡು ಖಾನಾಪುರದ ಬಸ್ಸು ಹತ್ತಿದರು. ಬಾಗಿಲಲ್ಲೇ ಅತ್ತೆ "ಯಾರು?" ಎಂದರು.

"ಕೇಳಿದೇನು? ತಮ್ಮನ ಗುರ್ತs ಇಲ್ಲಂತ" ಎಂದು ಕಾಕಾ ನನ್ನತ್ತ ಕೆಕ್ಕರಿಸಿದರು. ಒಳಗೆ ಹೋದವರೇ ಗೋಡೆಯ ಗೂಡಿನಲ್ಲಿದ್ದ ಐದೂ ಲಕೋಟೆಗಳನ್ನು ಹಿಡಿದರು. ಒಂದರ ಮುದ್ರೆಯೂ ಒಡೆದಿರಲಿಲ್ಲ.

"ಓದೇ ಇಲ್ಲಲ್ಲ ಅಕ್ಕಾ. ಇದಕ್ಕ ದ್ರೋಹ ಅಂತಾರ."

ಅತ್ತೆ ಗೋಡೆ ತಡವುತ್ತ ಬಂದು ಕುಳಿತರು. "ಅಕ್ಷರ ಕಾಣವಲ್ಲವೋ ತಮ್ಮಾ. ಡಾಕ್ಟರೂ ಕೈ ಚೆಲ್ಲ್ಯಾರ. ಹೇಳಿದ್ರ ನೀ ಕಳ್ಸೂದs ಬಿಡ್ತಿದ್ದಿ."

ಐದು ಸಲ ಉಂಡು ಬಂದರೂ ಇದನ್ನು ಗಮನಿಸದ ನನಗೆ ನಾಚಿಕೆಯಾಯಿತು. ಕಾಕಾ ಅಕ್ಕನ ಕಾಲ ಬಳಿ ನೆಲದ ಮೇಲೆ ಕುಳಿತು, ಮೊದಲ ಲಕೋಟೆ ಒಡೆದು ಗಟ್ಟಿಯಾಗಿ ಓದತೊಡಗಿದರು. ಅಧ್ಯಾಯ ಮುಗಿದಾಗ ಅತ್ತೆ ಕೇಳಿದರು, "ಯಾವ ರಾಜಾ ಅಂತ ಈಗs ಹೇಳಿಬಿಡ್ಲೇನು?"

"ಬ್ಯಾಡಕ್ಕಾ" ಎಂದರು ಕಾಕಾ, ಉಳಿದ ನಾಲ್ಕನ್ನೂ ಗೂಡಿಗೆ ಮರಳಿಸುತ್ತ. "ಮುಂದಿನ ರವಿವಾರ ಬಂದು ಇನ್ನೊಂದು ಓದ್ತೀನಿ. ಪುಸ್ತಕಕ್ಕ ಏನ್ ಅವಸರ ಐತಿ?"